ಡಬ್ಬಿಂಗ್ ಬಂದಿದ್ದಕ್ಕೇ ಥಿಯೇಟರ್ ಖಾಲಿಯಾಯ್ತಾ?

ದಾವಣಗೆರೆಯ ಹಿರಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಡೆದವರು ಅವರು. ಹೋದ ಸಂಚಿಕೆಯಲ್ಲಿ ನಾವು ಡಬ್ಬಿಂಗ್ ಪರವಾಗಿ ಬರೆದ ಲೇಖನ ಅವರಿಗೆ ಸಿಟ್ಟು ತರಿಸಿದೆ. "ಡಬ್ಬಿಂಗ್ ಬಂತು, ಕನ್ನಡ ಸಿನಿಮಾ ನೋಡೋರು ಹೋದರು. ಇದನ್ನು ತಂದವರು ಕಂಪ್ಯೂಟರ್ ಮುಂದೆ ಕೂತು ಎಲ್ಲದಕ್ಕೂ ಅಭಿಪ್ರಾಯ ಹೇಳುವ ಬೆಂಗಳೂರಿನ ಹುಡುಗರು. ಅವರಿಗೆ ಸಿನಿಮಾನೂ ಗೊತ್ತಿಲ್ಲ, ಚಳವಳಿಯೂ ಗೊತ್ತಿಲ್ಲ. ಈಗ ಕಂಪ್ಯೂಟರೇ ಮಾತಾಡುತ್ತಂತೆ, ಇನ್ನು ನಮ್ಮ ಕಲಾವಿದರ ಗತಿಯೇನು? ಹಳೆಯ ನಿಷೇಧ ಮತ್ತೆ ಬರಲಿ ಅಂತ ನಿಮ್ಮ ಪತ್ರಿಕೆ ಬರೆಯಬೇಕು" ಎನ್ನುವುದು ಪತ್ರದ ತಿರುಳು. ಇಂಥದೇ ಮಾತು ಬೇರೆ ಓದುಗರಿಂದಲೂ ಬಂದಿದೆ. ಹಾಗಾಗಿ ಉತ್ತರವನ್ನು ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಹಿರಿಯರೇ, ನಮಸ್ಕಾರ.

ನಿಮ್ಮ ಸಿಟ್ಟಿನ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಡಬ್ಬಿಂಗ್ ಬೇಡ ಅಂತ 1960ರ ದಶಕದಲ್ಲಿ ಹೋರಾಡಿದವರ ಬಗ್ಗೆ ನನಗೂ ಅಷ್ಟೇ ಗೌರವ ಇದೆ. ಆಗಿನ ಸ್ಥಿತಿ ಹೇಗಿತ್ತು ನೋಡಿ. ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನಲ್ಲಿ. ವರ್ಷಕ್ಕೆ ಹತ್ತು-ಹದಿನೈದು ಚಿತ್ರ ಬಂದರೆ ದೊಡ್ಡದು. ಕಲಾವಿದರಿಗೆ ಕೆಲಸವೇ ಇರಲಿಲ್ಲ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡರು, ಊರೂರು ಸುತ್ತಿ ನಾಟಕ ಆಡಿದರು, 1960ರಲ್ಲಿ ತಾವೇ 'ರಣಧೀರ ಕಂಠೀರವ' ತೆಗೆದರು. ಅಂಥ ಹೊತ್ತಿನಲ್ಲಿ ತೆಲುಗು, ತಮಿಳು ಚಿತ್ರಗಳಿಗೆ ಕನ್ನಡದ ಮಾತು ಸೇರಿಸಿ ಕಡಿಮೆ ಖರ್ಚಿಗೆ ತಂದು ಸುರಿದರೆ ನಮ್ಮವರು ಉಳಿಯೋದು ಹೇಗೆ? ಅ.ನ.ಕೃ., ಮ. ರಾಮಮೂರ್ತಿ ಅವರಂಥ ಕನ್ನಡ ಹೋರಾಟಗಾರರು ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಒಂದು ಉದ್ಯಮ ಬೇರೂರಲು ಆ ಹೋರಾಟ ಜಾಗ ಮಾಡಿಕೊಟ್ಟಿತು.

ಆದರೆ ಒಂದು ವಿಷಯ ಗಮನಿಸಿ. ಆ ನಿಷೇಧ ಯಾವತ್ತೂ ಕಾನೂನಾಗಿರಲಿಲ್ಲ. ವಿಧಾನಸಭೆ ಅದನ್ನು ಪಾಸು ಮಾಡಲಿಲ್ಲ. ಅದು ಉದ್ಯಮದವರ ನಡುವಿನ ಒಪ್ಪಂದ, ಅಷ್ಟೇ. ಡಬ್ ಮಾಡಿದರೆ ನಿಮ್ಮ ಜೊತೆ ಯಾರೂ ಕೆಲಸ ಮಾಡೋದಿಲ್ಲ, ಥಿಯೇಟರ್ ಸಿಗೋದಿಲ್ಲ ಅನ್ನುವ ಒತ್ತಡದ ಮೇಲೆ ಅದು ನಿಂತಿತ್ತು. ಎಳೆಯ ಉದ್ಯಮವನ್ನು ಕಾಪಾಡಲು ಬಂದ ಒಪ್ಪಂದ, ವರ್ಷಕ್ಕೆ ನೂರು ಚಿತ್ರ ಬರುವ ಕಾಲಕ್ಕೂ ಹಾಗೇ ಮುಂದುವರಿಯಿತು. ಇಷ್ಟು ಬೆಳೆದ ಮೇಲೂ ಇದು ಬೇಕಾ ಅಂತ ಒಳಗಿನವರು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಕೇಳಿದವರು ಹೊರಗಿನವರು. ನೀವು ಬೆಂಗಳೂರಿನ ಹುಡುಗರು ಅಂತ ಬೈದಿರಲ್ಲ, ಅವರೇ. ಅವರ ಪ್ರಶ್ನೆ ತುಂಬಾ ಸರಳವಾಗಿತ್ತು: ಟಿಕೆಟ್ ದುಡ್ಡು ಕೊಡುವವನು ನಾನು, ನನ್ನ ಭಾಷೆಯಲ್ಲಿ ಏನು ನೋಡಬೇಕು ಅಂತ ನಿರ್ಧರಿಸುವವರು ನೀವು ಯಾರು? 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿಯಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಹೆಣ್ಣು ಭ್ರೂಣಹತ್ಯೆ, ವರದಕ್ಷಿಣೆ, ಆಸ್ಪತ್ರೆಗಳ ಸುಲಿಗೆ ಬಗ್ಗೆ ಮಾತಾಡಿದ ಕಾರ್ಯಕ್ರಮ ಅದು. ಕೊಪ್ಪಳದ ಹಳ್ಳಿಯ ತಾಯಿಗೆ ಅದು ಅರ್ಥವಾಗುವ ಭಾಷೆಯಲ್ಲಿ ಸಿಗದಿದ್ದರೆ ಕನ್ನಡಕ್ಕೆ ಲಾಭವಾಯಿತಾ? ನಷ್ಟ ಆ ತಾಯಿಗೆ ಆಯಿತು, ಕನ್ನಡಕ್ಕೂ ಆಯಿತು.

ಕನ್ನಡ ಗ್ರಾಹಕರ ಕೂಟ ಈ ಪ್ರಶ್ನೆಯನ್ನು ಭಾರತ ಸ್ಪರ್ಧಾ ಆಯೋಗಕ್ಕೆ, ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿಗೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಗೆ, ಒಯ್ಯಿತು. ಆಯೋಗ 2015ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ, ಇದನ್ನು ನಿಲ್ಲಿಸಿ ಅಂತ ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಇನ್ನೆರಡು ಸಂಘಗಳಿಗೆ ಒಟ್ಟು ಸುಮಾರು 20 ಲಕ್ಷ ರೂಪಾಯಿ ದಂಡ ಹಾಕಿತು. ಬಂಗಾಳದಲ್ಲೂ ಇಂಥದೇ ಜಗಳ ನಡೆದಿತ್ತು. ಹಿಂದಿಯ 'ಮಹಾಭಾರತ'ವನ್ನು ಬಂಗಾಳಿಗೆ ಡಬ್ ಮಾಡಿ ತೋರಿಸಬಾರದು ಅಂತ ಅಲ್ಲಿನ ಕಲಾವಿದರು ಪಟ್ಟು ಹಿಡಿದಿದ್ದರು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲೂ ಆಯೋಗದ ಮಾತನ್ನೇ ಎತ್ತಿ ಹಿಡಿಯಿತು. ಅಂದಮೇಲೆ ಹಳೆಯ ನಿಷೇಧವನ್ನು ಮತ್ತೆ ತನ್ನಿ ಅಂತ ನಾವು ಬರೆದರೂ ಅದು ನಡೆಯುವ ಮಾತಲ್ಲ. ನಡೆಯುವ ಹಾಗಿದ್ದರೂ ನಾನು ಬರೆಯುತ್ತಿರಲಿಲ್ಲ.

ಆ ಹುಡುಗರಿಗೆ ಸಿನಿಮಾ ಗೊತ್ತಿಲ್ಲ ಅನ್ನುತ್ತೀರಿ. ಸಿನಿಮಾ ಮಾಡುವುದು ಗೊತ್ತಿಲ್ಲದೆ ಇರಬಹುದು. ನೋಡುವುದು ಗೊತ್ತಿತ್ತು, ಅದು ಸಾಕಲ್ವಾ? ಅವರನ್ನು ನಾಡದ್ರೋಹಿಗಳು ಅಂತ ಕರೆದದ್ದು ನನಗೆ ಆಗಲೂ ನೋವು ಕೊಟ್ಟಿತ್ತು. ನಿಮ್ಮ ಪತ್ರದಲ್ಲಿ ಅದೇ ಪದ ಮತ್ತೆ ನೋಡಿ ಬೇಜಾರಾಯಿತು. ಕನ್ನಡದಲ್ಲಿ ಇನ್ನೂ ಜಾಸ್ತಿ ಬೇಕು ಅಂತ ಕೇಳಿದವರು ಅವರು. ಅದರಲ್ಲಿ ದ್ರೋಹ ಎಲ್ಲಿದೆ? ಆ ಕಡೆಯವರೂ ಕೆಲವರು ನಮ್ಮ ನಟರನ್ನು, ಹಳೆಯ ಹೋರಾಟಗಾರರನ್ನು ಹೀನಾಯವಾಗಿ ಬರೆದರು. ಅದನ್ನೂ ನಾನು ಒಪ್ಪುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಡಬ್ಬಿಂಗ್ ಬಂದ ಮೇಲೆ ಏನಾಯಿತು?

ಮೊದಲ ಒಂದೆರಡು ವರ್ಷ ಹೆಚ್ಚೇನೂ ಆಗಲಿಲ್ಲ. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಅಂತ ಬಂತು. ಪ್ರತಿಭಟನೆ ನಡೆಯಿತು, ಥಿಯೇಟರ್‌ನವರು ಹಿಂಜರಿದರು. ನಿಜವಾದ ಬದಲಾವಣೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಶೂಟಿಂಗ್ ನಿಂತಿತು, ಧಾರಾವಾಹಿಗಳ ಕಂತು ಮುಗಿದವು. ಚಾನೆಲ್‌ಗಳು ಡಬ್ ಆದ 'ಮಹಾಭಾರತ' ಹಾಕಿದವು, ಜನ ಮನೆಮಂದಿಯೆಲ್ಲ ಕೂತು ನೋಡಿದರು. ಜುಲೈನಲ್ಲಿ ಅಂಬೇಡ್ಕರ್ ಅವರ ಬದುಕಿನ ಕಥೆ 'ಮಹಾನಾಯಕ' ಶುರುವಾಯಿತು. ಆಮೇಲೆ ನಡೆದದ್ದನ್ನು ನೀವೂ ನೋಡಿರುತ್ತೀರಿ. ಹಳ್ಳಿ ಹಳ್ಳಿಯ ಬಸ್ ನಿಲ್ದಾಣದ ಪಕ್ಕ, ದಲಿತ ಕೇರಿಗಳ ಬಾಯಲ್ಲಿ ಫ್ಲೆಕ್ಸ್ ನಿಂತವು. ಅಂಬೇಡ್ಕರ್ ಚಿತ್ರ, ಧಾರಾವಾಹಿಯ ಹೆಸರು, ಕೆಳಗೆ ಊರಿನ ಯುವಕರ ಸಾಲು ಸಾಲು ಫೋಟೊ. ಒಂದು ಟಿವಿ ಧಾರಾವಾಹಿಗೆ ಜನ ತಾವೇ ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಾಲೆಯಲ್ಲಿ ಪುಟ್ಟ ಭೀಮನನ್ನು ಬಾಗಿಲ ಹೊರಗೆ ಕೂರಿಸುವ ದೃಶ್ಯ ಹಿಂದಿಯಲ್ಲೇ ಉಳಿದಿದ್ದರೆ ಆ ಕೇರಿಗಳ ಅಜ್ಜಿಯರು ಅದನ್ನು ನೋಡಿ ಕಣ್ಣೀರು ಹಾಕುತ್ತಿರಲಿಲ್ಲ. ಇದನ್ನು ತಡೆದಿದ್ದರೆ ನಾವು ಯಾರ ಕನ್ನಡವನ್ನು ಉಳಿಸಿದಂತಾಗುತ್ತಿತ್ತು, ಹೇಳಿ?

ಅದೇ ವರ್ಷ 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರ ಟಿವಿಗೆ ಬಂತು. ನಮ್ಮ ಕಾಡು, ನಮ್ಮ ಆನೆ, ನಮ್ಮ ಕಾಳಿಂಗ ಸರ್ಪ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಆಗುಂಬೆಯ ಮಗು ತನ್ನ ಮನೆ ಹಿಂದಿನ ಕಾಡಿನ ಬಗ್ಗೆ ತನ್ನ ಭಾಷೆಯಲ್ಲೇ ಕೇಳಿಸಿಕೊಂಡಿತು.

ಹಾಗಾದರೆ ಥಿಯೇಟರ್ ಯಾಕೆ ಖಾಲಿ? ಕಾರಣಗಳು ಬೇರೆ ಇವೆ, ಅವು ಕಣ್ಣೆದುರಿಗೇ ಇವೆ. ಬೆಂಗಳೂರಿನ ಕಪಾಲಿ ಮುಚ್ಚಿದ್ದು 2017ರಲ್ಲಿ. ಆಗಿನ್ನೂ ಡಬ್ಬಿಂಗ್ ಚಿತ್ರಗಳು ಬೆರಳೆಣಿಕೆಯಷ್ಟು. ಗಾಂಧಿನಗರದ ಜಾಗದ ಬೆಲೆ ಅದನ್ನು ನುಂಗಿತು. 2024ರಲ್ಲಿ ಸ್ಯಾಂಕಿ ರಸ್ತೆಯ ಕಾವೇರಿ ಹೋಯಿತು. ಮಲ್ಟಿಪ್ಲೆಕ್ಸ್‌ಗೆ ನಾಲ್ಕು ಜನರ ಸಂಸಾರ ಹೋಗಿ ಬಂದರೆ ಟಿಕೆಟ್ಟು, ಪಾಪ್‌ಕಾರ್ನು ಸೇರಿ ವಾರದ ಕೂಲಿ ಕರಗುತ್ತದೆ. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಇನ್ನು ವರ್ಷಕ್ಕೆ 200ಕ್ಕಿಂತ ಹೆಚ್ಚು ಕನ್ನಡ ಚಿತ್ರ ತೆರೆ ಕಾಣುತ್ತಿವೆ. ಒಂದೇ ಶುಕ್ರವಾರ ಏಳೆಂಟು ಬಂದು ಒಂದನ್ನೊಂದು ತುಳಿದುಕೊಂಡು ಹೋಗುತ್ತವೆ.

ಒಟಿಟಿ ಕಥೆ ಇನ್ನೂ ಕೆಟ್ಟದ್ದು. ರಕ್ಷಿತ್ ಶೆಟ್ಟಿ ನಿರ್ಮಿಸಿದ 'ಏಕಂ' ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಕರಾವಳಿಯ ಬದುಕನ್ನು ಅಷ್ಟು ಹತ್ತಿರದಿಂದ ತೋರಿಸುವ ಕೆಲಸಕ್ಕೆ ಅಂಗಡಿಯಲ್ಲಿ ಜಾಗವೇ ಇಲ್ಲ ಅಂದರೆ ಹೇಗೆ? ನಿಮ್ಮ ಸಿಟ್ಟನ್ನು ಅತ್ತ ತಿರುಗಿಸಿ ಅಂತ ಕೈಮುಗಿದು ಕೇಳುತ್ತೇನೆ.

2025ರ ಜುಲೈ 25 ನೆನಪಿದೆಯಾ? ಆ ಶುಕ್ರವಾರ 'ಸು ಫ್ರಮ್ ಸೋ' ಬಂತು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ, ಕರಾವಳಿಯ ಒಂದು ಹಳ್ಳಿ. ಜನ ಟಿಕೆಟ್ ಸಿಗದೆ ವಾಪಸು ಹೋದರು. ಅದೇ ದಿನ ಅನಿಮೇಷನ್ ಚಿತ್ರ 'ಮಹಾವತಾರ ನರಸಿಂಹ' ಬೇರೆ ಭಾಷೆಗಳ ಜೊತೆ ಕನ್ನಡದಲ್ಲೂ ಬಂತು. ಮಕ್ಕಳನ್ನು ಕರೆದುಕೊಂಡು ಹೋದವರು ಅದನ್ನು ನೋಡಿದರು. ಒಂದು ಇನ್ನೊಂದನ್ನು ಕೊಲ್ಲಲಿಲ್ಲ. 'ಸು ಫ್ರಮ್ ಸೋ' ಮುಂದಿನ ವಾರವೇ ಮಲಯಾಳಕ್ಕೆ ಡಬ್ ಆಗಿ ಕೇರಳಕ್ಕೆ ಹೋಯಿತು, ಆಮೇಲೆ ತೆಲುಗಿಗೂ. 'ಕೆಜಿಎಫ್', 'ಕಾಂತಾರ' ದೇಶವೆಲ್ಲ ಸುತ್ತಿದ್ದೂ ಡಬ್ಬಿಂಗ್‌ನಿಂದಲೇ. ನಮ್ಮ ಚಿತ್ರ ಎಲ್ಲ ಭಾಷೆಗೂ ಹೋಗಬೇಕು, ಬೇರೆಯವರದ್ದು ನಮ್ಮ ಭಾಷೆಗೆ ಬರಬಾರದು ಅನ್ನುವುದು ನ್ಯಾಯವಲ್ಲ.

ನೀವು ಕಾಣದ ಒಂದು ಅನ್ಯಾಯ ಇಲ್ಲಿದೆ. 2022ರ ಮಾರ್ಚ್‌ನಲ್ಲಿ 'ಆರ್‌ಆರ್‌ಆರ್' ಬಂದಾಗ ಚಿಕ್ಕಬಳ್ಳಾಪುರದಲ್ಲಿ ಭಾರಿ ಸಮಾರಂಭ ಮಾಡಿದರು. ಎನ್‌ಟಿಆರ್, ರಾಮ್‌ಚರಣ್ ಇಬ್ಬರೂ ಕನ್ನಡ ಅವತರಣಿಕೆಗೆ ತಾವೇ ದನಿ ಕೊಟ್ಟಿದ್ದರು. ಬುಕಿಂಗ್ ತೆರೆದಾಗ ಬೆಂಗಳೂರಿನಲ್ಲಿ ತೆಲುಗು ಪ್ರದರ್ಶನಗಳ ಸಾಲೇ ಇತ್ತು, ಕನ್ನಡದ್ದು ಹುಡುಕಬೇಕಾಗಿತ್ತು. ಸಿಟ್ಟಿಗೆದ್ದು ಕರ್ನಾಟಕದಲ್ಲಿ ಈ ಚಿತ್ರ ನೋಡಬೇಡಿ ಅಂತ ಟ್ವಿಟರ್‌ನಲ್ಲಿ ಕೂಗು ಹಾಕಿದವರು ಯಾರು ಗೊತ್ತಾ? ನೀವು ಬೈದಂಥ ಹುಡುಗರೇ. ಕನ್ನಡಕ್ಕೆ ಡಬ್ ಮಾಡಿಸಿ, ಕನ್ನಡದಲ್ಲಿ ಪೋಸ್ಟರ್ ಅಂಟಿಸಿ, ಕೊನೆಗೆ ತೋರಿಸುವುದು ಮೂಲ ಭಾಷೆಯಲ್ಲಿ. 'ಪುಷ್ಪ' ಬಂದಾಗಲೂ ಇದೇ ದೂರು. ಡಬ್ಬಿಂಗ್ ನಿಷೇಧ ಇದ್ದ ಕಾಲದಲ್ಲೂ ತೆಲುಗು, ತಮಿಳು, ಹಿಂದಿ ಚಿತ್ರಗಳು ನಮ್ಮ ಥಿಯೇಟರ್‌ಗಳಲ್ಲಿ ಓಡುತ್ತಲೇ ಇದ್ದವಲ್ವಾ? ನಿಷೇಧ ತಡೆದದ್ದು ಅವುಗಳಲ್ಲಿ ಕನ್ನಡ ಕೇಳಿಸುವುದನ್ನು ಮಾತ್ರ.

ಗುಣಮಟ್ಟದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಹಲವು ಡಬ್ ಚಿತ್ರಗಳ ಕನ್ನಡ ಕಿವಿಗೆ ಕಲ್ಲು ಬಿದ್ದ ಹಾಗಿರುತ್ತದೆ. ಆದರೆ ಇದು ಕಷ್ಟದ ಕೆಲಸ ಅನ್ನುವುದು ಸ್ಟುಡಿಯೋದಲ್ಲಿ ಕೂತಾಗ ಗೊತ್ತಾಗುತ್ತದೆ. ಹಿಂದಿಯ ನಟಿ ಹತ್ತಿರದ ಶಾಟ್‌ನಲ್ಲಿ 'ನಹೀಂ' ಅನ್ನುತ್ತಾಳೆ ಅಂದುಕೊಳ್ಳಿ. ತುಟಿ ಎಲ್ಲೂ ಮುಚ್ಚುವುದಿಲ್ಲ. ಅಲ್ಲಿ 'ಬೇಡ' ಅಂತ ಬರೆದರೆ ಕೆಟ್ಟಿತು, 'ಬ' ಹೇಳಲು ತುಟಿ ಸೇರಬೇಕು. 'ಆಗಲ್ಲ' ಅಂದರೆ ಕೂರುತ್ತದೆ. ಪ, ಬ, ಮ ಎಲ್ಲಿ ಬರುತ್ತವೆ ಅಂತ ನೋಡಿಕೊಂಡು, ಉಸಿರು ಎಲ್ಲಿ ಎಳೆದಿದ್ದಾರೆ ಅಂತ ಗಮನಿಸಿ, ಅಷ್ಟರಲ್ಲೇ ಸಹಜವಾದ ಕನ್ನಡ ಬರೆಯಬೇಕು. ಇದನ್ನು ಚೆನ್ನಾಗಿ ಬಲ್ಲವರು ನಮ್ಮಲ್ಲಿದ್ದಾರೆ. ಅವರಿಗೆ ಸಮಯ ಕೊಡುವುದಿಲ್ಲ, ದುಡ್ಡೂ ಸರಿಯಾಗಿ ಕೊಡುವುದಿಲ್ಲ. ಬಿಡುಗಡೆಗೆ ನಾಲ್ಕು ದಿನ ಇರುವಾಗ ಕೈಗೆ ಚಿತ್ರ ಕೊಟ್ಟರೆ ಎಂಥ ಕನ್ನಡ ಬಂದೀತು? ಐವತ್ತು ವರ್ಷ ಈ ಕಸುಬೇ ಇಲ್ಲಿ ಬೆಳೆಯದ ಹಾಗೆ ಮಾಡಿದ್ದರ ಫಲವೂ ಇದರಲ್ಲಿ ಸೇರಿದೆ.

ಕಂಪ್ಯೂಟರ್ ದನಿಯ ಬಗ್ಗೆ ನಿಮ್ಮ ಆತಂಕ ನನಗೂ ಇದೆ. ಒಬ್ಬರ ದನಿಯನ್ನು ಸ್ವಲ್ಪ ಹೊತ್ತು ಕೇಳಿಸಿದರೆ ಸಾಕು, ಎಐ ಅದೇ ದನಿಯಲ್ಲಿ ಬೇರೆ ಮಾತು ಆಡಿಸುತ್ತದೆ. 2023ರಲ್ಲಿ ಹಾಲಿವುಡ್ ನಟರು 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯ ನಕಲಿನ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ಮಧ್ಯಂತರ ರಕ್ಷಣೆ ಪಡೆದರು. ದೊಡ್ಡ ಗಾಯಕರಿಗೆ ವಕೀಲರಿದ್ದಾರೆ. ದಿನಗೂಲಿಯ ಹಾಗೆ ಬಂದು ಗುಂಪಿನ ದೃಶ್ಯಕ್ಕೆ ಕೂಗು ಹಾಕಿ ಹೋಗುವ ನಮ್ಮ ಡಬ್ಬಿಂಗ್ ಕಲಾವಿದರಿಗೆ ಯಾರಿದ್ದಾರೆ? ಕೇಳದೆ ದನಿ ಬಳಸಬಾರದು, ಬಳಸಿದರೆ ದುಡ್ಡು ಕೊಡಬೇಕು ಅಂತ ಕರಾರಿನಲ್ಲೇ ಬರೆಸಿಕೊಳ್ಳಬೇಕು. ವಾಣಿಜ್ಯ ಮಂಡಳಿ, ಕಲಾವಿದರ ಸಂಘಗಳು ಈಗಲೇ ಕೂತು ಮಾತಾಡಬೇಕಾದ ವಿಷಯ ಇದು. ಈ ಹೋರಾಟಕ್ಕೆ ನಿಮ್ಮಂಥ ಅನುಭವಸ್ಥರು ಬೇಕು.

ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಎದುರಿನ ಪುಟದಲ್ಲಿ ಹಾಕಿದ್ದೇವೆ. ಮುಂದಿನ ಸಂಚಿಕೆಗೆ ಡಬ್ಬಿಂಗ್ ಕಲಾವಿದರಿಂದ, ಸಂಭಾಷಣೆ ಬರೆಯುವವರಿಂದ ಬರಹ ಕೇಳಿದ್ದೇವೆ: ಕೂಲಿ ಎಷ್ಟು, ಕರಾರಿನಲ್ಲಿ ಏನಿರುತ್ತದೆ, ಎಷ್ಟು ದಿನ ಕೊಡುತ್ತಾರೆ ಅಂತ. ಓದುಗರಲ್ಲಿ ಈ ಕೆಲಸ ಮಾಡುವವರಿದ್ದರೆ ಬರೆಯಿರಿ, ಹೆಸರು ಹಾಕಬೇಡಿ ಅಂದರೆ ಹಾಕುವುದಿಲ್ಲ. ದಾವಣಗೆರೆಯ ಥಿಯೇಟರ್‌ಗಳಲ್ಲಿ ಡಬ್ ಚಿತ್ರದ ಕನ್ನಡ ಪ್ರದರ್ಶನ ಎಷ್ಟು, ಮೂಲ ಭಾಷೆಯದ್ದು ಎಷ್ಟು ಅಂತ ನೀವು ಒಂದು ತಿಂಗಳು ಗುರುತು ಹಾಕಿ ಕಳಿಸಿದರೆ ಅದನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ