ಮೊಟ್ಟೆ ಇಡುತ್ತಿದ್ದ ಕೋಳಿಗಳನ್ನು ಹೊಸ ಹಿತ್ತಲಿಗೆ ಒಗ್ಗಿಸುವುದು

ಮೊಟ್ಟೆ ಇಡುತ್ತಿದ್ದ ನಾಲ್ಕು ಹೇಂಟೆಗಳನ್ನು ನಗರದ ಮನೆಗೆ ತಂದು ಎರಡು ದಿನವಾಗಿದೆ, ಅವು ಗೂಡಿನ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಸರಿಯಾಗಿ ತಿನ್ನುವುದಿಲ್ಲ, ಮೊಟ್ಟೆಯನ್ನೂ ಇಟ್ಟಿಲ್ಲ, ಹಿತ್ತಲಿಗೆ ಬಿಟ್ಟರೆ ಚೇತರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ. ಬೆಳೆದ ಕೋಳಿಗೆ ತಾನು ಹಿಂದೆ ಮಲಗುತ್ತಿದ್ದ ಜಾಗವೇ ಮನೆ. ಆ ನೆನಪು ಹೋಗಿ ಈ ಗೂಡೇ ತನ್ನದೆಂದು ತಿಳಿಯುವವರೆಗೆ, ಅಂದರೆ ಸುಮಾರು ಒಂದು ವಾರ, ಅವುಗಳನ್ನು ಗೂಡು ಮತ್ತು ಅದಕ್ಕೆ ಹೊಂದಿದ ಜಾಲರಿಯ ಆವರಣದೊಳಗೇ ಇಡಬೇಕು. ಮನೆಯ ಹಿಂದೆ ಕೋಳಿ ಸಾಕುತ್ತಿರುವ ನನ್ನ ಅನುಭವದಲ್ಲಿ ಈ ಒಂದು ವಾರದ ತಾಳ್ಮೆಗಿಂತ ದೊಡ್ಡ ಉಪಕಾರವನ್ನು ಹೊಸ ಕೋಳಿಗಳಿಗೆ ಮಾಡಲಾಗದು.

ಮೊಟ್ಟೆ ನಿಂತಿದ್ದಕ್ಕೆ ಗಾಬರಿಪಡಬೇಕಾಗಿಲ್ಲ. ಒಂದು ಮೊಟ್ಟೆ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಬಹುಪಾಲು ಸಮಯ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಪ್ರಯಾಣದ ಭಯ, ಅಪರಿಚಿತ ಜಾಗ, ಕಡಿಮೆಯಾದ ನೀರು ಮತ್ತು ಮೇವು ಎಲ್ಲವೂ ಸೇರಿದಾಗ ಕೋಳಿಯ ದೇಹ ಮೊದಲು ಕೈಬಿಡುವ ಕೆಲಸವೇ ಇದು. ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ಮೂರು ವಾರಗಳೊಳಗೆ ಮತ್ತೆ ಆರಂಭವಾಗುತ್ತದೆ. ಆದರೆ ಈ ಆಘಾತದಿಂದ ಗರಿ ಉದುರಿಸಲು ತೊಡಗಿದರೆ ಎರಡು ಮೂರು ತಿಂಗಳು ಕಾಯಬೇಕಾಗಬಹುದು.

ಈಗ ನೀವು ನಿಜವಾಗಿ ಗಮನಿಸಬೇಕಾದದ್ದು ಅವು ತಿನ್ನುತ್ತಿವೆಯೇ, ಕುಡಿಯುತ್ತಿವೆಯೇ ಎಂಬುದನ್ನು. ನೀವು ಎದುರಿಗೆ ನಿಂತಿರುವಾಗ ಹೆದರಿದ ಕೋಳಿ ತಿನ್ನುವುದಿಲ್ಲ, ಆದ್ದರಿಂದ ನೋಡಿ ತೀರ್ಮಾನಿಸುವುದು ಕಷ್ಟ. ಕತ್ತಲಾದ ಮೇಲೆ ಒಂದೊಂದನ್ನೇ ಮೆಲ್ಲನೆ ಹಿಡಿದು, ಎದೆಯ ಬಲಭಾಗದಲ್ಲಿ ಕುತ್ತಿಗೆಯ ಬುಡಕ್ಕಿರುವ ಮೇವಿನ ಚೀಲವನ್ನು ಮುಟ್ಟಿ ನೋಡಿ. ಅದು ತುಂಬಿದ್ದರೆ ಹಗಲು ತಿಂದಿದೆ ಎಂದರ್ಥ. ಬೆಳಿಗ್ಗೆ ಮೇವು ಹಾಕುವ ಮೊದಲು ಅದು ಬರಿದಾಗಿರಬೇಕು, ಗಟ್ಟಿಯಾಗಿಯೇ ಉಳಿದಿದ್ದರೆ ಜೀರ್ಣದ ತೊಂದರೆ ಇದೆ. ನಾಲ್ಕರಲ್ಲಿ ಒಂದರ ಚೀಲ ಮಾತ್ರ ರಾತ್ರಿಯೂ ಖಾಲಿ ಇದ್ದರೆ ಉಳಿದವು ಅದನ್ನು ಕುಕ್ಕಿ ಓಡಿಸುತ್ತಿರುವ ಸಾಧ್ಯತೆ ಹೆಚ್ಚು, ಆಗ ಒಂದರಿಂದೊಂದು ಕಾಣದ ಎರಡು ಕಡೆ ಮೇವು ಮತ್ತು ನೀರು ಎರಡನ್ನೂ ಇಡಿ. ಹಿಂದೆ ಸಾಕಿದವರು ಕೊಡುತ್ತಿದ್ದ ಮೇವನ್ನೇ ಮೊದಲು ಮುಂದುವರಿಸಿ, ಬದಲಿಸುವುದಿದ್ದರೆ ಒಂದು ವಾರದ ಅವಧಿಯಲ್ಲಿ ಬೆರೆಸುತ್ತಾ ಬದಲಿಸಿ. ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಲೇಯರ್ ಮೇವು (ಮೊಟ್ಟೆ ಇಡುವ ಕೋಳಿಗೆಂದೇ ತಯಾರಿಸಿದ ಮೇವು) ತಿನ್ನುತ್ತದೆ, ತೂಕದಲ್ಲಿ ಅದರ ಎರಡರಷ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಹನಿ ನೀರಿನ ನಳಿಕೆಗೆ ಒಗ್ಗಿದ ಕೋಳಿಗೆ ಬೋಗುಣಿಯಲ್ಲಿ ನೀರಿದೆಯೆಂದೇ ತಿಳಿಯದಿರಬಹುದು. ಕೊಕ್ಕಿನ ತುದಿಯನ್ನು ಒಮ್ಮೆ ನೀರಿಗೆ ತಾಗಿಸಿದರೆ ಕಲಿಯುತ್ತದೆ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟನ್ನು ಅವೇ ಆರಿಸಿಕೊಳ್ಳುತ್ತವೆ.

ಪಂಜರದಲ್ಲಿ ಬೆಳೆದ ಕೋಳಿಗಳಾಗಿದ್ದರೆ ಕೋಲಿನ ಮೇಲೆ ಕೂರುವುದೂ ಅವಕ್ಕೆ ಗೊತ್ತಿರುವುದಿಲ್ಲ, ಮೊಟ್ಟೆ ಪೆಟ್ಟಿಗೆಯಲ್ಲೇ ಮಲಗಿ ಅದನ್ನು ಹಿಕ್ಕೆಯಿಂದ ಹೊಲಸು ಮಾಡುತ್ತವೆ. ಕತ್ತಲಲ್ಲಿ ಅವಕ್ಕೆ ಕಣ್ಣು ಅಷ್ಟಾಗಿ ಕಾಣದ ಕಾರಣ, ರಾತ್ರಿ ಎತ್ತಿ ಕೋಲಿನ ಮೇಲೆ ಕೂರಿಸಿದರೆ ಅಲ್ಲೇ ಉಳಿಯುತ್ತವೆ. ಕೆಲವು ರಾತ್ರಿ ಹೀಗೆ ಮಾಡಿದರೆ ಸಾಕು. ಕೋಲು ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಆದರೆ ಕಾಲಿನ ಬಲ ಬರುವವರೆಗೆ ಬಹಳ ಎತ್ತರ ಬೇಡ. ನಾಲ್ಕು ಕೋಳಿಗೆ ಒಂದು ಪೆಟ್ಟಿಗೆ ಸಾಲುತ್ತದೆ.

ವಾರ ಕಳೆದ ಮೇಲೆ, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ, ಸಂಜೆಯ ಮೇವು ಹಾಕುವ ಮೊದಲು ಬಾಗಿಲು ತೆರೆಯಿರಿ. ಹಸಿವು ಮತ್ತು ಕತ್ತಲು ಎರಡೂ ಅವುಗಳನ್ನು ಗೂಡಿನತ್ತ ಎಳೆಯುತ್ತವೆ, ನೀವು ಅಟ್ಟಿಸಿಕೊಂಡು ಓಡಬೇಕಾಗುವುದಿಲ್ಲ. ಹೊರಗಿರುವಾಗ ನೀವು ಅಲ್ಲೇ ಇರಿ, ಏಕೆಂದರೆ ನಗರದಲ್ಲೂ ನಾಯಿ, ಬೆಕ್ಕು, ಹದ್ದುಗಳಿಗೆ ಕೊರತೆಯಿಲ್ಲ. ರಾತ್ರಿಯ ಗೂಡಿಗೆ ಮಾತ್ರ ತೆಳುವಾದ ಷಟ್ಕೋನ ಕಣ್ಣಿನ ಕೋಳಿ ಬಲೆಯನ್ನು ನಂಬಲೇಬೇಡಿ. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ತಡೆಯುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿಯಾದರೆ ಇಲಿಯೂ ನುಸುಳದು.

ಜುಟ್ಟು ಬಿಳಿಚಿಕೊಂಡು ಅಥವಾ ನೀಲಿಗಟ್ಟಿ, ಪುಕ್ಕ ಉಬ್ಬಿಸಿ ಕಣ್ಣು ಮುಚ್ಚಿ ಕೂತರೆ, ಸೆಕೆಯಿಲ್ಲದಿದ್ದರೂ ಬಾಯಿ ತೆರೆದು ಉಸಿರಾಡಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಅಥವಾ ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಒಂದು ವಾರದ ಲೆಕ್ಕ ಹಿಡಿದು ಕೂರದೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕೋಳಿಗಳ ವಯಸ್ಸು ಮತ್ತು ಅವು ಮೊದಲು ಪಂಜರದಲ್ಲಿದ್ದವೋ ನೆಲದ ಮೇಲಿದ್ದವೋ ಎಂಬುದನ್ನು ಇಲ್ಲಿ ತಿಳಿಸಿದರೆ, ಕೋಲಿನ ಎತ್ತರ ಮತ್ತು ಮೇವಿನ ಬಗ್ಗೆ ಇನ್ನಷ್ಟು ನಿಖರವಾಗಿ ಹೇಳಬಲ್ಲೆ.