ಇಂಗ್ಲಿಷ್ ಓದಲು ಬರುತ್ತೆ, ಆದರೆ ಅರ್ಥವೇ ಆಗಲ್ಲ. ಯಾಕೆ?

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಇಂಗ್ಲಿಷ್ ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದ್ತೀರಿ, ಕೊನೆ ಸಾಲಿಗೆ ಬಂದಾಗ ತಲೆಯಲ್ಲಿ ಏನೂ ಉಳಿದಿರಲ್ಲ. ಡಿಕ್ಷನರಿ ಬಾಯಿಪಾಠ ಮಾಡಲೇ ಅಂತ ಕೇಳಿದ್ದೀರಿ. ಬೇಡ. ನಾನೂ ಕನ್ನಡ ಮೀಡಿಯಂನವನೇ, ಈಗ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡ್ತೀನಿ. ಈ ದೂರು ಪ್ರತಿ ಜೂನ್‌ನಲ್ಲೂ ಕೇಳ್ತೀನಿ.

ಪದಗಳ ಕೊರತೆ ಇರೋದು ನಿಜ. ನೂರಕ್ಕೆ ಸುಮಾರು 98 ಪದ ಗೊತ್ತಿದ್ದರೆ ಮಾತ್ರ ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಬಹುದು ಅಂತ ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಲೆಕ್ಕ ಹಾಕಿದ್ದಾರೆ. ಆದರೆ ಎಲ್ಲಾ ಪದ ಗೊತ್ತಿದ್ದೂ ಸಾಲು ಕೈಕೊಡುತ್ತಲ್ಲ, ನನಗೆ ಅದೇ ದೊಡ್ಡ ತೊಡಕಾಗಿತ್ತು. ಇದನ್ನು ನೋಡಿ: 'ದಿ ಗ್ಯಾಸ್ ದಟ್ ಈಸ್ ರಿಲೀಸ್ಡ್ ವೆನ್ ಜಿಂಕ್ ರಿಯಾಕ್ಟ್ಸ್ ವಿತ್ ಡೈಲ್ಯೂಟ್ ಆಸಿಡ್ ಈಸ್ ಹೈಡ್ರೋಜನ್.' ಕನ್ನಡದಲ್ಲಾದರೆ 'ಸತು ಸಾರರಿಕ್ತ ಆಮ್ಲದೊಂದಿಗೆ ವರ್ತಿಸಿದಾಗ ಬಿಡುಗಡೆಯಾಗುವ ಅನಿಲ ಹೈಡ್ರೋಜನ್.' ನಮ್ಮಲ್ಲಿ ವಿವರಣೆಯೆಲ್ಲ ಮುಗಿದ ಮೇಲೆ 'ಅನಿಲ' ಬರುತ್ತೆ. ಅವರಲ್ಲಿ 'ಗ್ಯಾಸ್' ಮೊದಲೇ ಬಂದು, ಬಾಲ ಹಿಂದೆ ಎಳಕೊಂಡು ಹೋಗುತ್ತೆ. ಕೊನೆಯ 'ಈಸ್' ಯಾವುದಕ್ಕೆ ಸೇರಿದ್ದು ಅನ್ನೋದು ಅಷ್ಟು ಹೊತ್ತಿಗೆ ಮರೆತೇಹೋಗಿರುತ್ತೆ. ನಾನು ಪೆನ್ಸಿಲ್ ಹಿಡಿದು ಆ ಬಾಲಕ್ಕೆ ಕಂಸ ಹಾಕ್ತಿದ್ದೆ. 'ದಿ ಗ್ಯಾಸ್ ಈಸ್ ಹೈಡ್ರೋಜನ್' ಅಂತ ತಲೆ-ಬುಡ ಕೂಡಿದ ಮೇಲೆ ಬಾಲ ಓದಿದರಾಯ್ತು. 'ಆಲ್ದೋ', 'ಅನ್‌ಲೆಸ್' ಕಂಡಲ್ಲಿ ಅಡಿಗೆರೆ. ದೊಡ್ಡ ಪದಗಳಿಗಿಂತ ಈ ಸಣ್ಣವೇ ಸಾಲಿನ ಅರ್ಥ ತಿರುಗಿಸಿಬಿಡೋದು.

ಇನ್ನೊಂದು, ವಿಷಯ ಮೊದಲೇ ಗೊತ್ತಿರಬೇಕು. 1979ರಲ್ಲಿ ಸಂಶೋಧಕಿ ಮಾರ್ಗರೆಟ್ ಸ್ಟೆಫೆನ್ಸೆನ್ ಮತ್ತು ಸಂಗಡಿಗರು ಭಾರತೀಯರಿಗೂ ಅಮೆರಿಕನ್ನರಿಗೂ ಎರಡೂ ದೇಶದ ಮದುವೆಗಳನ್ನು ಬಣ್ಣಿಸುವ ಪತ್ರಗಳನ್ನು ಓದಲು ಕೊಟ್ಟರು. ತಮ್ಮ ಕಡೆಯ ಮದುವೆಯನ್ನು ಅವರವರು ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅಮೆರಿಕದ ಮದುಮಗಳು ಅಜ್ಜಿಯ ಮದುವೆ ಉಡುಪು ತೊಟ್ಟಿದ್ದಳು ಅಂತ ಪತ್ರದಲ್ಲಿತ್ತು. ಅದು ಅವರಲ್ಲಿ ಹೆಮ್ಮೆಯ ಸಂಗತಿ. ಭಾರತದ ಓದುಗರೊಬ್ಬರು ಅದನ್ನು ಪಾಪ, ಹಳೇ ಫ್ಯಾಷನ್‌ನ ಬಟ್ಟೆ ಅಂತ ಅರ್ಥಮಾಡಿಕೊಂಡರು! ಇಂಗ್ಲಿಷ್ ಬರದೆ ಅಲ್ಲ, ಆ ಮದುವೆಮನೆ ಗೊತ್ತಿಲ್ಲದೆ. (ನಮ್ಮ ಧಾರೆ ಸೀರೆ ಮಾತಾಗಿದ್ದರೆ ಯಾರೂ ಎಡವುತ್ತಿರಲಿಲ್ಲ.)

ಹಾಗಾಗಿ ಗೊತ್ತಿರೋದನ್ನೇ ಇಂಗ್ಲಿಷಲ್ಲಿ ಓದಿ. ನಿಮ್ಮ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಇಂಗ್ಲಿಷ್ ಮೀಡಿಯಂನಲ್ಲೂ ಇದೆ, ಪಾಠಗಳು ಅವೇ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತೆ. ದಿನಕ್ಕೆ ಎರಡು ಪುಟ, ಮನಸ್ಸಿನಲ್ಲೇ ಓದಿ. ಗಟ್ಟಿಯಾಗಿ ಓದಿದರೆ ಗಮನವೆಲ್ಲ ಉಚ್ಚಾರಣೆಗೇ ಹೋಗುತ್ತೆ. ಪುಟ ಮುಗಿದಾಗ ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲೇ ತಮ್ಮನಿಗೋ ತಂಗಿಗೋ ಹೇಳಿ. ಎಲ್ಲಿ ತೊದಲ್ತೀರೋ ಆ ಸಾಲಿಗೆ ಮಾತ್ರ ವಾಪಸ್ ಹೋಗಿ. ಮೊದಲು ವಿದ್ಯುತ್ ಪಾಠ ಹಿಡಿಯಿರಿ, ಚಿತ್ರಗಳೇ ಅರ್ಧ ಹೇಳಿಬಿಡುತ್ತವೆ.