ಕಾರ್ ಕೆಲಸಕ್ಕೆ ಯಾವ ಬ್ಯಾಟರಿ ಗನ್? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮನೆಯಲ್ಲಿ ಒಂದು ಸ್ವಿಫ್ಟ್, ಒಂದು ಇನ್ನೋವಾ ಇವೆ. ಟೈರ್ ರೊಟೇಷನ್, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಬ್ಯಾಟರಿ ಇಂಪ್ಯಾಕ್ಟ್ ವ್ರೆಂಚ್ (ಬಡಿದು ಬಡಿದು ನಟ್ ಬಿಚ್ಚುವ, ಬಿಗಿಯುವ ಗನ್) ಕೊಳ್ಳಬೇಕು. ಟಾರ್ಕ್, ಅಂದರೆ ತಿರುಗಿಸುವ ಬಲ, 200ರಿಂದ 1000 ನ್ಯೂಟನ್ ಮೀಟರ್ (ಎನ್‌ಎಂ) ತನಕ ಇವೆ. ಆನ್‌ಲೈನಿನಲ್ಲಿ 88 ವೋಲ್ಟ್ ಎಂದು ಬರೆದಿರುವ ಗನ್ ಅರ್ಧ ಬೆಲೆಗೇ ಸಿಗುತ್ತಿದೆ. ಯಾವುದನ್ನು ತಗೊಳ್ಳಲಿ? – ಹಾಸನದ ಓದುಗರು

ಉತ್ತರ: ನಿಮ್ಮ ಎರಡೂ ಗಾಡಿಗೆ ಅರ್ಧ ಇಂಚಿನ ಡ್ರೈವ್ (ನಟ್ ಹಿಡಿಯುವ ಸಾಕೆಟ್ ಕೂರುವ ಚೌಕ ತುದಿ), 18 ವೋಲ್ಟ್, ಬ್ರಶ್‌ಲೆಸ್ (ಕಾರ್ಬನ್ ಬ್ರಶ್ ಇಲ್ಲದ) ಮೋಟರ್, ಬಿಗಿಯುವ ಟಾರ್ಕ್ 300ರಿಂದ 400 ಎನ್‌ಎಂ ಇರುವ ಗನ್ ಧಾರಾಳವಾಯಿತು. 1000 ಎನ್‌ಎಂ ಗನ್ನಿಗೆ ಹಾಕಬೇಕೆಂದಿದ್ದ ಹೆಚ್ಚಿನ ದುಡ್ಡಿನಲ್ಲಿ ಒಂದು ಒಳ್ಳೆಯ ಟಾರ್ಕ್ ವ್ರೆಂಚ್ (ಬಿಗಿಯನ್ನು ಅಳೆದು ಹೇಳುವ ಕೈಪಾನಾ) ತನ್ನಿ.

ವೀಲ್ ನಟ್ಟಿಗೆ ಎಷ್ಟು ಬಿಗಿ ಬೇಕು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. ಸ್ವಿಫ್ಟಿನಲ್ಲಿ ಮಾಡೆಲ್ ನೋಡಿಕೊಂಡು 85 ಅಥವಾ 100 ಎನ್‌ಎಂ, ಇನ್ನೋವಾದಲ್ಲಿ 103. ನಿಮ್ಮ ಗಾಡಿಯದು ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದೇ ಪ್ರಮಾಣ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ವಿಪರೀತ ಬಿಗಿದಿದ್ದರೆ, ಮೇಲೆ ಒಂದು ಮಳೆಗಾಲದ ತುಕ್ಕೂ ಕೂತಿದ್ದರೆ, ಬಿಚ್ಚುವುದಕ್ಕೆ ಇದರ ಎರಡು–ಮೂರು ಪಟ್ಟು ಬೇಕಾಗಬಹುದು. 400ರ ಒಳಗಿನ ಗನ್ ಅದನ್ನೂ ಬಿಚ್ಚುತ್ತದೆ.

ಬಾಕ್ಸಿನ ಮೇಲಿನ ಟಾರ್ಕ್ ಓದುವಾಗ ಎಚ್ಚರ ಬೇಕು. ಬಿಗಿಯುವ ಟಾರ್ಕ್ ಬೇರೆ, ಬಿಗಿದು ಕೂತ ನಟ್ಟನ್ನು ಬಿಚ್ಚುವ ಟಾರ್ಕ್ ಬೇರೆ. ಬಾಷ್ ಜಿಡಿಎಸ್ 18ವಿ-400ರಲ್ಲಿ ಇವು 400 ಮತ್ತು 650. ಮಕಿಟಾ ಡಿಟಿಡಬ್ಲ್ಯೂ 300ರಲ್ಲಿ 330 ಮತ್ತು 580. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಸಾಮಾನ್ಯವಾಗಿ ದೊಡ್ಡ ಅಂಕಿ. ಒಂದು ಕಂಪನಿಯ ಬಿಚ್ಚುವ ಟಾರ್ಕನ್ನು ಇನ್ನೊಂದರ ಬಿಗಿಯುವ ಟಾರ್ಕಿನ ಜೊತೆ ತೂಗಿದರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ವಿಡಿಯೊ ನೋಡಿ ಕೊಳ್ಳುವವರು ಗಮನಿಸಿ: ಅವರ ಒಂದು ಫುಟ್-ಪೌಂಡ್ ಎಂದರೆ ನಮ್ಮ 1.36 ಎನ್‌ಎಂ. ಇನ್ನು, ಈ ಅಂಕಿಗಳೆಲ್ಲ ಫುಲ್ ಚಾರ್ಜ್ ಇದ್ದಾಗ, ಸಾಕೆಟ್ ನೇರವಾಗಿ ಗನ್ನಿಗೆ ಕೂತಾಗ, ಕೆಲವು ಸೆಕೆಂಡು ಬಡಿದ ಮೇಲೆ ಸಿಗುವಂಥವು.

88 ವೋಲ್ಟಿನ ಮಾತನ್ನು ನಂಬಬೇಡಿ. ಲಿಥಿಯಂ ಸೆಲ್ ಒಂದರ ಸಾಧಾರಣ ವೋಲ್ಟೇಜ್ 3.6, ಐದನ್ನು ಸಾಲಾಗಿ ಜೋಡಿಸಿದರೆ 18. ಫುಲ್ ಚಾರ್ಜಿನಲ್ಲಿ ಒಂದೊಂದೂ 4.2 ವೋಲ್ಟ್ ಇರುತ್ತದೆ, ಒಟ್ಟು 21. ಹಾಗಾಗಿ 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್ ಮೂರೂ ಒಂದೇ. 48, 88, 128 ಎಂದು ಬರೆದುಕೊಂಡು ಅಗ್ಗಕ್ಕೆ ಬರುವ ಗನ್ನುಗಳೊಳಗೂ ಸಾಮಾನ್ಯವಾಗಿ ಇರುವುದು ಅದೇ ಐದು ಸೆಲ್ಲಿನ ಸಾಲು. ಚಾರ್ಜರಿನ ಮೇಲೆ ಔಟ್‌ಪುಟ್ 21 ವೋಲ್ಟ್ ಎಂದಿದ್ದರೆ ಗುಟ್ಟು ಅಲ್ಲೇ ರಟ್ಟಾಯಿತು.

ಆಂಪಿಯರ್ ಅವರ್ (ಎಎಚ್) ಅಂಕಿ ಬರೀ ಬಾಳಿಕೆಯದಲ್ಲ, ಬಲದ್ದೂ ಹೌದು. 2 ಎಎಚ್ ಬ್ಯಾಟರಿಯಲ್ಲಿ ಸೆಲ್ಲುಗಳ ಒಂದೇ ಸಾಲು. ಮಾಮೂಲಿ 4–5 ಎಎಚ್ ಬ್ಯಾಟರಿಯಲ್ಲಿ ಎರಡು ಸಾಲು ಸೇರಿ ಕರೆಂಟ್ ಹಂಚಿಕೊಳ್ಳುತ್ತವೆ. ಗನ್ ಬಡಿಯುವಾಗ ಚಿಕ್ಕ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಹೊಡೆತ ಮೆತ್ತಗಾಗುತ್ತದೆ. ಅದೇ ಗನ್ನಿಗೆ 5 ಎಎಚ್ ಹಾಕಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಈಗಾಗಲೇ ಯಾವುದಾದರೂ ಕಂಪನಿಯ 18 ವೋಲ್ಟಿನ ಡ್ರಿಲ್ ಇದ್ದರೆ ಅದೇ ಕಂಪನಿಯ ಗನ್ ಬಾಡಿ ಮಾತ್ರ ಕೊಳ್ಳುವುದು ಜಾಣತನ; ಬ್ಯಾಟರಿ, ಚಾರ್ಜರಿನ ದುಡ್ಡು ಉಳಿಯುತ್ತದೆ.

ದೊಡ್ಡ ಗನ್ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಮಕಿಟಾದ 1000 ಎನ್‌ಎಂ ಗನ್ ಡಿಟಿಡಬ್ಲ್ಯೂ 1002 ಉದ್ದ 229 ಮಿಲಿಮೀಟರ್, ತೂಕ ಬ್ಯಾಟರಿ ಸೇರಿ ಮೂರೂವರೆ ಕಿಲೋದ ಹತ್ತಿರ. ಡಿಟಿಡಬ್ಲ್ಯೂ 300ರ ಉದ್ದ 144 ಮಿಲಿಮೀಟರ್. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಲು ಮಡ್‌ಗಾರ್ಡಿನೊಳಗೆ ಕೈ ಹಾಕಿದಾಗ ಈ ಎಂಟೂವರೆ ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ. ದಿನವಿಡೀ ಹಬ್ ನಟ್, ಕ್ರ್ಯಾಂಕ್ ಪುಲ್ಲಿ ಬೋಲ್ಟ್, ಲಘು ಲಾರಿಗಳ ಕೆಲಸ ಮಾಡುವ ಗ್ಯಾರೇಜಿಗೆ ಮಾತ್ರ ದೊಡ್ಡದು ಬೇಕು.

ಕೊಳ್ಳುವಾಗ ಎರಡು ಸೌಲಭ್ಯ ಕೇಳಿ ನೋಡಿ: ಕನಿಷ್ಠ ಮೂರು ಸ್ಪೀಡ್, ಮತ್ತು ರಿವರ್ಸಿನಲ್ಲಿ ನಟ್ ಸಡಿಲವಾದ ಕೂಡಲೇ ತಾನಾಗಿ ನಿಲ್ಲುವ ಆಟೋ ಸ್ಟಾಪ್. ಎರಡನೆಯದು ಇಲ್ಲದಿದ್ದರೆ ನಟ್ ಹಾರಿ ಕಾರಿನಡಿ ಉರುಳುತ್ತದೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಮೇಲ್ತುದಿಯ ನಡುವಿನ ನಟ್ಟನ್ನು, ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಅದುಮುವ ಮೊದಲು ಗನ್ನಿನಿಂದ ಮುಟ್ಟಬೇಡಿ. ಅದುಮದ ಸ್ಪ್ರಿಂಗ್ ಒಮ್ಮೆಲೇ ಹಾರಿದರೆ ಜೀವಕ್ಕೇ ಅಪಾಯ. ಕಂಪ್ರೆಸರಿನ ಉದ್ದ ಬೋಲ್ಟನ್ನೂ ಗನ್ನಿನಿಂದ ತಿರುಗಿಸಬೇಡಿ. ಬಿಸಿಯಾಗಿ ಥ್ರೆಡ್ ಕಿತ್ತುಬರುತ್ತದೆ, ಕೈಪಾನಾ ಬಳಸಿ. ರಬ್ಬರ್ ಬುಶ್ ಇರುವ ಸಸ್ಪೆನ್ಷನ್ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಪ್ರಶ್ನೆ: ಗ್ಯಾರೇಜಿಗೆ 650 ಎನ್‌ಎಂ ಬಿಚ್ಚುವ ಬಲದ ಗನ್ ತಂದೆ. ಕಡಲ ಬದಿಯ ಗಾಡಿಗಳ ತುಕ್ಕು ಹಿಡಿದ ನಟ್ಟುಗಳಿಗೆ ಹಿಡಿದರೆ ಬಡಿಯುತ್ತಲೇ ಇರುತ್ತದೆ, ನಟ್ ಅಲ್ಲಾಡುವುದಿಲ್ಲ. ಗನ್ ಸರಿ ಇಲ್ಲವೇ? – ಕುಂದಾಪುರದ ಓದುಗರು

ಉತ್ತರ: ಗನ್ನಿಗಿಂತ ಮೊದಲು ಗನ್ ಮತ್ತು ನಟ್ಟಿನ ನಡುವೆ ಏನಿದೆ ನೋಡಿ. ಗನ್ನಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಹ್ಯಾಮರ್ ತಿರುಗುತ್ತ, ಹಿಂದೆ ಸರಿದು, ಸಾಕೆಟ್ ಕೂರುವ ಆನ್ವಿಲ್ಲಿಗೆ ಬಡಿಯುತ್ತದೆ. ಪ್ರತಿ ಹೊಡೆತವೂ ಕ್ಷಣಾರ್ಧದ್ದು. ದಾರಿಯಲ್ಲಿ ಸ್ವಲ್ಪ ತಿರುಚಿಕೊಳ್ಳುವ ಏನೇ ಇದ್ದರೂ ಹೊಡೆತವನ್ನು ಅದೇ ನುಂಗಿಬಿಡುತ್ತದೆ. ಉದ್ದ ಎಕ್ಸ್‌ಟೆನ್ಷನ್ ರಾಡ್, ಯೂನಿವರ್ಸಲ್ ಜಾಯಿಂಟ್, ಮುಕ್ಕಾಲು ಇಂಚಿನಿಂದ ಅರ್ಧಕ್ಕೆ ಇಳಿಸುವ ಅಡಾಪ್ಟರ್, ಸವೆದ ಸಾಕೆಟ್: ಎಲ್ಲವೂ ಈ ಕೆಲಸ ಮಾಡುತ್ತವೆ. ಸಾಧ್ಯವಿದ್ದಲ್ಲೆಲ್ಲ ಡೀಪ್ ಸಾಕೆಟ್ಟನ್ನೇ ನೇರವಾಗಿ ಗನ್ನಿಗೆ ಹಾಕಿ.

ಸಾಕೆಟ್ ಕಪ್ಪು ಬಣ್ಣದ, ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಆಗಿರಲಿ. ಅದು ಕ್ರೋಮ್ ಮಾಲಿಬ್ಡಿನಮ್ ಉಕ್ಕಿನದು, ಹೊಡೆತ ತಡೆಯುತ್ತದೆ. ಕೈಪಾನಾಕ್ಕೆ ಬರುವ ಹೊಳೆಯುವ ಕ್ರೋಮ್ ಸಾಕೆಟ್ ಗಡುಸು, ಗನ್ನಿಗೆ ಹಾಕಿದರೆ ಸಿಡಿದು ಚೂರು ಕಣ್ಣಿಗೆ ಬೀಳಬಹುದು. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವರಿಬಿಡುತ್ತದೆ.

ಆಮೇಲೆ ಕ್ರಮ. ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಶ್ಶಿನಿಂದ ತಿಕ್ಕಿ. ಈ ಹೆಜ್ಜೆ ಬಿಟ್ಟರೆ ನಟ್ ಹೊರಬರುವಾಗ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸಿಕ್ಕಿ, ಅರ್ಧ ದಾರಿಯಲ್ಲಿ ಹಿಡಿದುಕೊಂಡು ಸ್ಟಡ್ಡೇ (ನಟ್ ಕೂರುವ ಬೋಲ್ಟೇ) ಮುರಿಯುತ್ತದೆ. ತುಕ್ಕಿನೊಳಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಸಿಂಪಡಿಸಿ ಕನಿಷ್ಠ 20 ನಿಮಿಷ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಸಾಕೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಪೂರ್ತಿ ಕೂರಿಸಿ. ಫುಲ್ ಚಾರ್ಜಿನ ಬ್ಯಾಟರಿ ಹಾಕಿ, ಗನ್ನನ್ನು ನೇರವಾಗಿ ಒತ್ತಿ ಹಿಡಿದು, ಕಡಿಮೆ ಸ್ಪೀಡಿನಲ್ಲಿ ಒಂದು ಕ್ಷಣ ಬಿಗಿಯುವ ಕಡೆಗೆ, ಆಮೇಲೆ ಪೂರ್ತಿ ಬಲದಲ್ಲಿ ಐದು ಸೆಕೆಂಡು ಬಿಚ್ಚುವ ಕಡೆಗೆ ಬಡಿಯಿರಿ. ನಾಲ್ಕೈದು ಸಲಕ್ಕೂ ಬರದಿದ್ದರೆ ನಿಲ್ಲಿಸಿ, ಉದ್ದ ಹಿಡಿಯ ಕೈಪಾನಾ, ಅಂದರೆ ಬ್ರೇಕರ್ ಬಾರ್ ಹಿಡಿಯಿರಿ. ಕೊನೆಯ ದಾರಿ ಶಾಖ. ಆದರೆ ಟೈರ್, ಬೇರಿಂಗ್, ರಬ್ಬರ್ ಬುಶ್, ಬ್ರೇಕ್ ಹೋಸ್ ಹತ್ತಿರ ಬೆಂಕಿ ತರಬೇಡಿ, ಆಯಿಲ್ ಸಿಂಪಡಿಸಿದ ಜಾಗವನ್ನು ಮೊದಲು ಒರೆಸಿ ಒಣಗಿಸಿ.

ಪ್ರಶ್ನೆ: ನಟ್ಟನ್ನು ಗನ್ನಿನಿಂದಲೇ ಬಿಗಿದರೆ ಆಗದೇ? ಎಲ್ಲ ಟೈರ್ ಅಂಗಡಿಗಳಲ್ಲೂ ಹಾಗೇ ಮಾಡುತ್ತಾರಲ್ಲ? – ತುಮಕೂರಿನ ಓದುಗರು

ಉತ್ತರ: ಹೌದು, ಬಹಳ ಕಡೆ ಹಾಗೇ ಮಾಡುತ್ತಾರೆ. ಅದರ ಫಲ ಹಿಗ್ಗಿದ ಸ್ಟಡ್, ಅಲಾಯ್ ವೀಲಿನಲ್ಲಿ ನಟ್ ಕೂರುವ, ಒತ್ತಿಹೋದ ಸೀಟ್. ರಸ್ತೆ ಬದಿಯಲ್ಲಿ ಎಲ್ ಪಾನಾ ಮೇಲೆ ನಿಂತು ಒದೆಯಬೇಕಾದ ಸ್ಥಿತಿ. ನಟ್ಟುಗಳ ಬಿಗಿ ಒಂದೊಂದು ಥರ ಇದ್ದರೆ ಡಿಸ್ಕ್ ಸ್ವಲ್ಪ ಸೊಟ್ಟ ಕೂರುತ್ತದೆ, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ. ಗನ್ನಿನ ಟ್ರಿಗರಿಗೆ ಟಾರ್ಕ್ ಅಳೆಯುವ ಶಕ್ತಿ ಇಲ್ಲ. ಒಂದೇ ಸ್ಪೀಡಿನಲ್ಲಿ ಎರಡು ಸೆಕೆಂಡು ಬಡಿದಾಗ ಬರುವ ಬಿಗಿಗೂ ನಾಲ್ಕು ಸೆಕೆಂಡಿಗೆ ಬರುವುದಕ್ಕೂ ಬಹಳ ಅಂತರ.

ಸರಿಯಾದ ವಿಧಾನ ಹೀಗೆ. ಹಬ್ಬಿನ ಮುಖ ಮತ್ತು ಚಕ್ರದ ಹಿಂಬದಿ ಒರೆಸಿ, ತುಕ್ಕು ತೆಗೆಯಿರಿ. ಪ್ರತಿ ನಟ್ಟನ್ನೂ ಮೂರ್ನಾಲ್ಕು ಸುತ್ತು ಕೈಯಲ್ಲೇ ಹಾಕಿ. ಕೈಯಲ್ಲಿ ಸಲೀಸಾಗಿ ಹೋಗದ ನಟ್ಟು ಕ್ರಾಸ್ ಥ್ರೆಡ್ ಆಗಿದೆ, ಅಂದರೆ ಥ್ರೆಡ್ಡಿಗೆ ಸೊಟ್ಟ ಕೂತಿದೆ ಎಂದೇ ತಿಳಿಯಿರಿ. ಗನ್ನಿನ ಅತಿ ಕಡಿಮೆ ಸ್ಪೀಡಿನಲ್ಲಿ ನಟ್ ಕೂರುವವರೆಗೆ ಮಾತ್ರ ಓಡಿಸಿ, ಬಡಿತ ಶುರುವಾದ ತಕ್ಷಣ ಟ್ರಿಗರ್ ಬಿಡಿ. ಜಾಕ್ ಇಳಿಸಿ, ಟೈರ್ ನೆಲ ಮುಟ್ಟಿದ ಮೇಲೆ ಟಾರ್ಕ್ ವ್ರೆಂಚಿನಲ್ಲಿ ಎದುರುಬದುರು ಕ್ರಮದಲ್ಲಿ, ಮೊದಲ ಸುತ್ತು ಅರ್ಧ ಟಾರ್ಕಿಗೆ, ಎರಡನೆಯದು ಪೂರ್ತಿಗೆ ಬಿಗಿಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಸ್ಟಡ್ಡಿಗೆ ಗ್ರೀಸ್, ಆಯಿಲ್ ಹಚ್ಚಬೇಡಿ. ಮ್ಯಾನ್ಯುಯಲ್‌ನ ಅಂಕಿ ಒಣ ಥ್ರೆಡ್ಡಿಗೆ ಹೇಳಿದ್ದು. ಜಾರು ಥ್ರೆಡ್ಡಿನಲ್ಲಿ ಅದೇ ಟಾರ್ಕ್ ಸ್ಟಡ್ಡನ್ನು ಹೆಚ್ಚು ಎಳೆಯುತ್ತದೆ.

ಅಲಾಯ್ ವೀಲಿಗೆ ಪ್ಲಾಸ್ಟಿಕ್ ಕವಚ ಇರುವ ತೆಳು ಗೋಡೆಯ ಸಾಕೆಟ್ ಸಿಗುತ್ತದೆ. 17, 19, 21 ಮಿಲಿಮೀಟರ್ ಮೂರು ಇದ್ದರೆ ನಮ್ಮ ಬಹುತೇಕ ಕಾರುಗಳಿಗೆ ಆಯಿತು.

ಪ್ರಶ್ನೆ: ಬೇಸಿಗೆಯಲ್ಲಿ ಬ್ಯಾಟರಿ ಬೇಗ ಕೆಡುತ್ತಿದೆ. ಏನು ಮಾಡಲಿ? – ರಾಯಚೂರಿನ ಓದುಗರು

ಉತ್ತರ: ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ನೆರಳಿನಲ್ಲಿ ಆರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಗನ್ನಿನಿಂದ ತೆಗೆದು ಇಡಿ. ಪೂರ್ತಿ ಖಾಲಿ ಮಾಡಿ ಮರೆತ ಬ್ಯಾಟರಿ ಹಲವು ಸಲ ಮತ್ತೆ ಚಾರ್ಜನ್ನೇ ಹಿಡಿಯುವುದಿಲ್ಲ.

ಪ್ರಶ್ನೆ: ಇದೇ ಗನ್ನನ್ನು ಬೈಕಿಗೂ ಬಳಸಬಹುದೇ? – ಶಿವಮೊಗ್ಗದ ಓದುಗರು

ಉತ್ತರ: ಮ್ಯಾಗ್ನೆಟ್ ನಟ್, ಕ್ಲಚ್ ಸೆಂಟರ್ ನಟ್, ಮುಂದಿನ ಸ್ಪ್ರಾಕೆಟ್ ನಟ್ ಬಿಚ್ಚಲು ಬಹಳ ಚೆನ್ನ, ಹೊಡೆತದಿಂದ ಬಿಚ್ಚುವುದರಿಂದ ಶಾಫ್ಟ್ ತಿರುಗದಂತೆ ಹಿಡಿಯುವ ಕಷ್ಟ ಕಡಿಮೆ. ಆದರೆ ಇದಕ್ಕೆ 3/8 ಇಂಚಿನ, 12 ವೋಲ್ಟಿನ ಚಿಕ್ಕ ಗನ್ ಮೇಲು. ಎಂಜಿನ್ ಕವರ್ ಬೋಲ್ಟ್, ಸ್ಪಾರ್ಕ್ ಪ್ಲಗ್, ಡ್ರೈನ್ ಬೋಲ್ಟ್ ಇವೆಲ್ಲ ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಕೂರುತ್ತವೆ, ಇವಕ್ಕೆ ಯಾವ ಗನ್ನೂ ಬೇಡ. ಪೆಟ್ರೋಲ್ ಟ್ಯಾಂಕ್, ಪೈಪ್ ಬಿಚ್ಚಿಟ್ಟ ಕಡೆಯೂ ಗನ್ ಚಾಲೂ ಮಾಡಬೇಡಿ, ಒಳಗಿನ ಕಿಡಿ ಆವಿಗೆ ಹತ್ತಬಹುದು. ಡ್ರೈನ್ ಬೋಲ್ಟಿಗೆ ರಿಂಗ್ ಪಾನಾ ಹಿಡಿಯಿರಿ, ಪ್ರತಿ ಸಲ ಆಯಿಲ್ ಬದಲಿಸುವಾಗಲೂ ವಾಷರ್ ಹೊಸದು ಹಾಕಿ.